ಮೊದಲು ಹೊರಗೆ ಬಂದವರು

ನಮ್ಮೂರಲ್ಲಿ ಮನೆ ಕಟ್ಟುವವರು ಹಿಂದಿನ ಗೋಡೆಗೂ ಮೆಟ್ಟಿಲು ಇಡಿಸುತ್ತಾರೆ. ಅಲ್ಲಿ ಬಾಗಿಲಿರುವುದಿಲ್ಲ, ಬರೀ ಗೋಡೆ. ಆದರೂ ಮೆಟ್ಟಿಲು ಇರಲೇಬೇಕು. ಮನೆಯಲ್ಲಿ ಯಾರಾದರೂ ದೊಡ್ಡ ತಪ್ಪು ಮಾಡಿದರೆ ಬೆಳಗಾಗುವಷ್ಟರಲ್ಲಿ ಬೀದಿ ಕಡೆಯ ಬಾಗಿಲು ಹಿತ್ತಲ ಕಡೆಗೆ ಹೋಗಿ ಕೂತಿರುತ್ತದೆ, ಮುಂದಿನ ಗೋಡೆ ಬೋಳಾಗಿರುತ್ತದೆ. ಮೆಟ್ಟಿಲಿಲ್ಲದಿದ್ದರೆ ಮನೆಯವರು ಇಳಿಯುವುದು ಹೇಗೆ? ಹೆಣ್ಣು ಕೊಡುವವರು ನಮ್ಮಲ್ಲಿ ಹುಡುಗನ ಜಾತಕಕ್ಕಿಂತ ಮೊದಲು ಹಿಂದಿನ ಮೆಟ್ಟಿಲು ನೋಡುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದ್ದರೆ ಒಳ್ಳೆಯ ಮನೆತನ. ನಮ್ಮಪ್ಪ ನಮ್ಮವರ ಮನೆ ನೋಡಲು ಬಂದಾಗ ಆ ಪಾಚಿಯ ಮೇಲೇ ಕಾಲಿಟ್ಟು ಜಾರಿ ಬಿದ್ದು, ಸೊಂಟ ಹಿಡಿದುಕೊಂಡೇ "ಸಂಬಂಧ ಒಪ್ಪಿಗೆ" ಅಂದರಂತೆ. ಹಾಗೆ ನಾನು, ಸರ್ವಮಂಗಳ, ವಕೀಲ ನಂಜುಂಡಾರಾಧ್ಯರ ಹೆಂಡತಿಯಾದೆ.

ಬಾಗಿಲು ತಿರುಗಿದ್ದು ಒಳಗಿದ್ದವರ ಕಣ್ಣಿಗೆ ಕಾಣುವುದಿಲ್ಲ. ಒಳಗಿನಿಂದ ನೋಡಿದರೆ ಅದು ಇದ್ದಲ್ಲೇ ಇದ್ದ ಹಾಗಿರುತ್ತದೆ. ಹೊಸ್ತಿಲು ದಾಟಿದ ಮೇಲೆ, ಅಯ್ಯೋ, ಬೀದಿ ಎಲ್ಲಿ, ಇದು ಹಿತ್ತಲಲ್ಲವೇ ಅಂತ ತಿಳಿಯುವುದು. ಆ ಮನೆಯಿಂದ ಯಾರು ಮೊದಲು ಹೊರಗೆ ಬರುತ್ತಾರೋ ಅವರೇ ತಪ್ಪು ಮಾಡಿದವರು. ಪೊಲೀಸಿನವರು ಹಿತ್ತಲ ನುಗ್ಗೆ ಮರದ ಕೆಳಗೆ ಬೀಡಿ ಸೇದುತ್ತ ಕಾದಿದ್ದು, ಬಂದವರನ್ನು ಕರೆದುಕೊಂಡು ಹೋಗುತ್ತಾರೆ. ಈ ಪದ್ಧತಿಯನ್ನು ಯಾರು ಮಾಡಿದರು ಅಂತ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ. ನಮ್ಮೂರ ಹೆಂಗಸರ ಬುದ್ಧಿ ಸರಿಯಿಲ್ಲ ಅಂತ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಗುಡ್ಡದ ಮೇಲಿನ ಜೈಲಿನಲ್ಲಿ ಹೆಂಗಸರ ಕಡೆ ಜಾಗ ಸಾಲದೆ ಮತ್ತೆ ಮತ್ತೆ ಕಟ್ಟಿಸಿದರು. ಗಂಡಸರ ಕಡೆ ಖಾಲಿ ಹೊಡೆಯುತ್ತಿತ್ತು ಅಂತ ಅಲ್ಲಿ ಪುರಸಭೆಯ ಬ್ಯಾಂಡ್‌ಸೆಟ್ಟು ಇಟ್ಟಿದ್ದರು.

ಇಂಥ ಊರಲ್ಲಿ ವಕೀಲರಿಗೆ ಏನು ಕೆಲಸ ಅಂತೀರಿ? ಯಾರು ಮಾಡಿದರು ಅನ್ನುವ ಪ್ರಶ್ನೆಯೇ ನಮ್ಮ ಕೋರ್ಟಿನಲ್ಲಿಲ್ಲ. ಎಷ್ಟು ವರ್ಷ ಅನ್ನುವುದೊಂದೇ. ನಮ್ಮವರು ಅದರಲ್ಲಿ ಪಳಗಿದ ಕೈ. ಎದ್ದು ನಿಂತು, ಕನ್ನಡಕ ತೆಗೆದು, "ಸ್ವಾಮೀ, ಈ ತಾಯಿಗೆ ಎರಡು ಮಕ್ಕಳು" ಅಂದರೆಂದರೆ ಕಟಕಟೆಯ ಹತ್ತಿರ ನಿಂತ ಪೇದೆಯೂ ಮೂಗು ಸೀಟಿಕೊಳ್ಳುತ್ತಿದ್ದ. ಜೀವಾವಧಿಯನ್ನು ಹದಿನಾಲ್ಕಕ್ಕೆ ಇಳಿಸುತ್ತಿದ್ದರು, ಹದಿನಾಲ್ಕನ್ನು ಏಳಕ್ಕೆ. ಜೈಲಿನ ಹೆಂಗಸರು ಹಬ್ಬಕ್ಕೆ ಇವರಿಗೆ ಹೂವಿನ ಹಾರ ಕಟ್ಟಿ ಕಳಿಸುತ್ತಿದ್ದರು. ನಾನು ಅದನ್ನು ದೇವರ ಪಟಕ್ಕೆ ಹಾಕಿ, ನನ್ನ ಗಂಡ ಎಂಥ ಪುಣ್ಯಾತ್ಮ ಅಂತ ಬೀಗುತ್ತಿದ್ದೆ.

ಆದರೆ ಊರು ಇವರನ್ನು ತಲೆ ಮೇಲೆ ಹೊತ್ತುಕೊಂಡದ್ದು ವಕೀಲಿಕೆಗಲ್ಲ, ಪತ್ತೇದಾರಿ ಕಾದಂಬರಿಗೆ. ನಮ್ಮ ಮದುವೆಯಾದ ವರ್ಷವೇ ಮೊದಲನೆಯದು ಬಂತು. ಅದರಲ್ಲಿನ ಊರಲ್ಲಿ ಬಾಗಿಲುಗಳು ತಿರುಗುವುದಿಲ್ಲ. ಒಂದು ಕೊಲೆಯಾಗುತ್ತದೆ. ಮಾಡಿದವರು ಯಾರೆಂದು ಗೊತ್ತಿಲ್ಲ. ಮೊದಮೊದಲು ಜನಕ್ಕೆ ತಲೆ ಬುಡ ತಿಳಿಯಲಿಲ್ಲ. ಕ್ಷೌರದಂಗಡಿಯ ಈರಣ್ಣ ನಮ್ಮ ಜಗಲಿಗೇ ಬಂದು, "ಅಲ್ಲ ಸ್ವಾಮಿ, ಹೋಗಿ ಬಾಗ್ಲು ನೋಡಿದ್ರೆ ಮುಗೀತಿತ್ತು. ಆ ಪತ್ತೇದಾರ ಯಾಕೆ ಹಂಗೆ ಊರೆಲ್ಲಾ ಸುತ್ತಾನೆ, ದಡ್ಡ?" ಅಂತ ಜಗಳ ತೆಗೆದಿದ್ದ. ಆಮೇಲೆ ರುಚಿ ಹತ್ತಿತು ನೋಡಿ! ಐದು ಜನ ಇದ್ದಾರೆ, ಐವರಲ್ಲಿ ಯಾರು ಬೇಕಾದರೂ ಆಗಿರಬಹುದು ಅನ್ನುವ ಭಯ ನಮ್ಮ ಜನಕ್ಕೆ ಹೊಸದು. ಮೈ ಜುಮ್ಮೆನ್ನುತ್ತಿತ್ತು ಅವರಿಗೆ. ಲೈಬ್ರರಿಯಲ್ಲಿ ಯಾವನೋ ಕಿಡಿಗೇಡಿ ಕೊನೆಯ ಹಾಳೆ ಹರಿದಿಟ್ಟುಕೊಂಡರೆ, ಮಾರನೆಯ ದಿನ ಸಾಲಾಗಿ ನಮ್ಮ ಮನೆಗೆ ಬರುತ್ತಿದ್ದರು. "ಯಾರು ಅಂತ ಒಂದು ಮಾತು ಹೇಳ್ಬಿಡಿ ತಾಯಿ, ಅನ್ನ ಸೇರ್ತಿಲ್ಲ!"

ಎದುರುಮನೆ ಜವಳಿ ಅಂಗಡಿಯವರದು. ಆ ಮನೆಯ ಹೊಸ ಸೊಸೆ ಕಾತ್ಯಾಯಿನಿಯೂ ಹೀಗೆ ಪುಸ್ತಕದ ಹುಚ್ಚಿನವಳು. ಅತ್ತೆಯ ಕಣ್ಣು ತಪ್ಪಿಸಿ ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದಳು. "ಅಕ್ಕಾ, ಅಡುಗೆಯವ್ನೇ ಅಲ್ವಾ ಕೊಂದಿದ್ದು? ನೋಡಿ, ಎಷ್ಟು ವಿನಯ ಅವನಿಗೆ!" ಅನ್ನುವಳು. ಒಂದು ಸಲವಾದರೂ ಅವಳ ಊಹೆ ಸರಿಯಾದದ್ದಿಲ್ಲ. ಗುಟ್ಟು ಬಯಲಾದಾಗ, "ಥೂ, ಇವತ್ತೂ ಸೋತೆ," ಅಂತ ಕೊಬ್ಬರಿ ತುಂಡು ಬಾಯಿಗೆ ಹಾಕಿಕೊಂಡು ನಗುತ್ತ ಓಡುವಳು. ನನಗೆ ಮಕ್ಕಳಿಲ್ಲ. ಆ ಹುಡುಗಿ ಬಂದರೆ ನನ್ನ ಅಡುಗೆಮನೆಗೆ ಜೀವ ಬರುತ್ತಿತ್ತು.

ಒಂದು ಬೆಳಿಗ್ಗೆ ಎದುರುಮನೆಯ ಗೋಡೆ ಬೋಳಾಗಿತ್ತು. ಅಂಗಡಿಯ ಗುಮಾಸ್ತ ವಿರೂಪಾಕ್ಷಯ್ಯ ಆ ಮನೆಯ ಹಿತ್ತಲ ಬಾವಿಯಲ್ಲಿ ತೇಲುತ್ತಿದ್ದ, ತಲೆ ಒಡೆದಿತ್ತು. ಎಲ್ಲರಂತೆ ನಾನೂ ಅವರ ಹಿತ್ತಲಿಗೆ ಓಡಿದೆ. ಅಗಳಿ ತೆಗೆದ ಸದ್ದಾಯಿತು. ಕೈಯಲ್ಲಿ ನೀರಿನ ಬಕೆಟ್ಟು, ಕಂಕುಳಲ್ಲಿ ಪೊರಕೆ ಹಿಡಿದು ಕಾತ್ಯಾಯಿನಿ ಹೊರಗೆ ಬಂದಳು. ಅಷ್ಟು ಜನರನ್ನು ಕಂಡು, ಏನೋ ತಮಾಷೆ ನಡೆದಿದೆ ಅಂದುಕೊಂಡು ನಕ್ಕಳು. ಆಮೇಲೆ ಬಾವಿ ಕಂಡಿತು ಅವಳಿಗೆ. "ಅಕ್ಕಾ, ನಾನು ಬೀದಿಗೆ ನೀರು ಹಾಕೋಕೆ ಬಂದೆ," ಅಂದಳು ನನ್ನ ಕಡೆ ತಿರುಗಿ. ಪೇದೆ ಬಕೆಟ್ಟು ಇಸಿದುಕೊಂಡ. ಇಂಥ ಹುಡುಗಿ ಇಂಥ ಕೆಲಸ ಮಾಡಿದಳಲ್ಲ ಶಿವನೇ, ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನಾನೂ ಇದೇ ಊರಿನವಳಲ್ಲವೇ?

ಅವಳ ಕೇಸನ್ನು ನಮ್ಮವರೇ ತೆಗೆದುಕೊಂಡರು. ಜೈಲಿಗೆ ಹೋಗಿ ಮಾತಾಡಿ ಬಂದರು. ಬಂದವರೇ ಬಾಗಿಲು ಹಾಕಿಕೊಂಡು ಬರೆಯಲು ಕೂತರು. ಹೊಸ ಕಾದಂಬರಿ. ಕೇಸು ಸಿಕ್ಕಾಗಲೆಲ್ಲ ಇವರಿಗೆ ಬರೆಯುವ ಹುಮ್ಮಸ್ಸು ಬರುತ್ತಿತ್ತು, ನಾನು ಅದನ್ನು ಅಭ್ಯಾಸ ಅಂದುಕೊಂಡಿದ್ದೆ. ತೀರ್ಪಿನ ಹಿಂದಿನ ಸಂಜೆ ಪ್ರೆಸ್ಸಿನಿಂದ ಕರಡು ಬಂತು. ಇವರ ಪುಸ್ತಕವನ್ನು ಮೊದಲು ಓದುವವಳು ನಾನೇ. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ, ಹಾಳೆ ಹಾರದಂತೆ ಕರಡಿನ ಮೇಲೆ ಲೋಟ ಇಟ್ಟುಕೊಂಡು ಓದುತ್ತಿದ್ದೆ. ಒಂದು ಗಿರಣಿಯ ಮನೆ. ಮನೆಗೆಲಸದವಳು ಮುಂಜಾನೆ ಕೊಟ್ಟಿಗೆ ಬಾಗಿಲು ತೆಗೆದು ಹೆಣ ನೋಡುತ್ತಾಳೆ. ಎಲ್ಲರೂ ಅವಳನ್ನೇ ಹಿಡಿಯುತ್ತಾರೆ. ಆಗ ಪತ್ತೇದಾರ ಹೇಳುತ್ತಾನೆ: ಮೊದಲು ಬಾಗಿಲು ತೆಗೆದವಳು ಕೊಲೆ ಮಾಡಿದವಳಾಗಬೇಕಿಲ್ಲ, ಬೇಗ ಎದ್ದವಳು, ಅಷ್ಟೇ.

ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಬೇಗ ಎದ್ದವಳು. ನಮ್ಮೂರಲ್ಲಿ ಎಲ್ಲ ಮನೆಯಲ್ಲೂ ಬೇಗ ಏಳುವವರು ಯಾರು? ಬಾಗಿಲು ತೆಗೆದು ಬೀದಿಗೆ ನೀರು ಹಾಕುವವರು ಯಾರು? ಮನೆಯ ಸೊಸೆ. ಸೊಸೆಯಿಲ್ಲದಿದ್ದರೆ ಹೆಂಡತಿ, ವಿಧವೆ ಅಕ್ಕ, ಮನೆಗೆಲಸದ ಹೆಂಗಸು. ತಪ್ಪು ಮಾಡಿದವನು ಆ ದಿನ ಕಂಬಳಿ ಹೊದ್ದು ಹೊತ್ತೇರುವವರೆಗೆ ಮಲಗಿದ್ದರೆ ಸಾಕು. ಜೈಲಿನ ಆ ಸಾಲು ಸಾಲು ಕೋಣೆಗಳು ಕಣ್ಣ ಮುಂದೆ ಬಂದವು.

ಇವರು ಆಗ ತಾನೇ ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತ ಬಂದರು.

"ರೀ, ಕಾತ್ಯಾಯಿನಿ ಬರೀ ಬೇಗ ಎದ್ದವಳು ಅಲ್ವೇನ್ರೀ?" ಅಂದೆ.

ಬೆಚ್ಚಿ ಬೀಳುತ್ತಾರೆ, ಹೌದಲ್ಲವೇ ಮಂಗಳ, ನಮಗೆ ಹೊಳೆದೇ ಇರಲಿಲ್ಲ ಅನ್ನುತ್ತಾರೆ ಅಂತ ಕಾದೆ.

"ಹೂಂ," ಅಂದರು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೌದು. ಮಾಡಿದ್ದು ಅವಳ ಮೈದುನ, ಷಡಕ್ಷರಿ. ಅಂಗಡಿ ಸೀರೆ ಕದ್ದು ಮಾರ್ತಿದ್ದ, ವಿರೂಪಾಕ್ಷನ ಕೈಗೆ ಸಿಕ್ಕಿಬಿದ್ದ. ರಕ್ತದ ಪಂಚೇನ ಅವರಮ್ಮನೇ ಒಗೆದು ಹಿಂಡಿದಾಳೆ. ಹುಡುಗಿ ಅದನ್ನ ನೋಡಿದ್ಲು, ಯಾಕೆ ಅಂತ ಆಗ ತಿಳೀಲಿಲ್ಲ. ಜೈಲಲ್ಲಿ ನನ್ನ ಹತ್ರ ಎಲ್ಲಾ ಹೇಳಿದ್ಲು." ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಆ ಕೊನೇ ಅಧ್ಯಾಯ ಓದಿದ್ಯಾ? ಪಂಚೆ ಸಂಗತಿ ಚೆನ್ನಾಗಿ ಬಂದಿದೆ."

ಗೋಡೆಯ ಕಪಾಟಿನಲ್ಲಿ ಇವರ ಪುಸ್ತಕಗಳು ಸಾಲಾಗಿದ್ದವು. ಒಂದೊಂದನ್ನೇ ತೋರಿಸಿದೆ. ಇದು? "ಬಳೆಗಾರರ ಮನೆ ಸೊಸೆ ಕೇಸು. ವಿಷ ಹಾಕಿದ್ದು ಮಾವ." ಇದು? "ಮೇಷ್ಟ್ರ ಮನೆ ಅಡುಗೆಯವಳು. ಮಾಡಿದ್ದು ಮೇಷ್ಟ್ರು." ಈ ಮೊದಲನೆಯದು? ಅದನ್ನು ಕೈಗೆ ತೆಗೆದುಕೊಂಡು ಟವೆಲಿನಿಂದ ಧೂಳು ಒರೆಸಿದರು. "ಅದು ನೀಲಮ್ಮಂದು. ನನ್ನ ಮೊದಲ್ನೇ ಕೇಸು. ಜೀವಾವಧಿ ಆಯ್ತು, ಇಳಿಸೋಕಾಗ್ಲಿಲ್ಲ. ಆಕೆ ನಿಜ ಹೇಳಿದ್ಲು, ನಾನು ಕೋರ್ಟಲ್ಲಿ ಬಾಯಿ ಬಿಡಲಿಲ್ಲ. ಅವತ್ತು ಮನೆಗೆ ಬಂದರೆ ಈ ಬಾಗ್ಲು ಚೌಕಟ್ಟಲ್ಲೇ ಗಡಗಡ ಅಂತಿದೆ ಮಂಗಳ. ತಿರುಗೇಬಿಡುತ್ತೆ ಅಂತ ಹೆದರಿ, ಕೂತು ಎಲ್ಲಾ ಕತೆ ಮಾಡಿ ಬರೆದೆ. ಹೆಸರು ಬದಲಾಯಿಸಿದೆ. ಬರೀತಾ ಬರೀತಾ ಸದ್ದು ನಿಂತ್ಹೋಯ್ತು. ಆವತ್ತಿಂದ ಕೇಸಿಗೊಂದು ಪುಸ್ತಕ. ನಾನೇನೂ ಮುಚ್ಚಿಟ್ಟಿಲ್ಲ. ಊರಿಗೂರೇ ಓದಿದೆ."

ಊರಿಗೂರೇ ಓದಿದೆ! ಇಷ್ಟು ವರ್ಷ ಅನ್ನ ಬಡಿಸಿದ್ದೆ ಈ ಕೈಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ. ಇವರು ಕಣ್ಣು ತೆರೆದುಕೊಂಡೇ ಕುಡಿದಿದ್ದರು.

"ಕೋರ್ಟಲ್ಲಿ ಹೇಳೋಕೆ ಏನ್ರೀ ಧಾಡಿ ನಿಮಗೆ?" ಅಂತ ಕಿರುಚಿದೆ.

"ಕೇಳಿದ್ರೆ ತಾನೇ ಹೇಳೋದು? ಯಾರು ಅಂತ ಅಲ್ಲಿ ಯಾರೂ ಕೇಳಲ್ಲ. ಒಂದು ಕೇಸಲ್ಲಿ ಕೇಳಿದ್ರೆ ಎಲ್ಲಾ ಕೇಸಲ್ಲೂ ಕೇಳ್ಬೇಕು, ಜೈಲಿಗೆ ಜೈಲೇ ಖಾಲಿ ಮಾಡ್ಬೇಕು. ಹೋದ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ? ನಾಳೆ ಹದಿನಾಲ್ಕಕ್ಕೆ ಇಳಿಸ್ತೀನಿ ಬಿಡು ಅವಳಿಗೆ." ಬಾಗಿಲಿನ ಕಡೆ ಬೆರಳು ತೋರಿಸಿದರು. "ನೋಡು, ಇದ್ದಲ್ಲೇ ಇದೆ. ನಾನು ತಪ್ಪು ಮಾಡಿದ್ರೆ ಅದು ಸುಮ್ನಿರ್ತಿತ್ತಾ?"

ಎದುರುಮನೆಗೆ ಹೋಗಿ ಷಡಕ್ಷರಿಯ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಳ್ಳಬೇಕು ಅನ್ನಿಸಿತು. ಏನೂ ಮಾಡಲಿಲ್ಲ ನಾನು. ಎದ್ದು ಹೋಗಿ ಅವರೆಕಾಳಿನ ಹುಳಿ ಮಾಡಿದೆ. ಬಡಿಸಿದೆ. ಹುಳಿ ಚೆನ್ನಾಗಿದೆ ಅಂತ ಎರಡು ಸಲ ಹಾಕಿಸಿಕೊಂಡರು. ಪಾತ್ರೆ ತೊಳೆದು ಮಲಗಿದೆ.

ಬೆಳಿಗ್ಗೆ ಹಾಲಿನ ಪುಟ್ಟಮ್ಮನ ಕೂಗಿಗೆ ಎಚ್ಚರವಾಯಿತು. ಪಕ್ಕದ ಹಳ್ಳಿಯಿಂದ ಬರುವವಳು ಅವಳು. "ಅಮ್ಮೋ, ಮಂಗಳಮ್ನೋರೇ! ನಿಮ್ ಬಾಗ್ಲೆಲ್ಲಿ ತಾಯಿ? ಬರೀ ಗೋಡೆ ಐತಲ್ಲಾ!"

ಕೂಗು ನಡುಮನೆಯ ಹಿಂಬದಿಯಿಂದ ಬಂತು. ನಾನು ಎದ್ದು ಕೂತೆ. ಇವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಚ್ಚಲಿಂದ ಹೊರಗೆ ಬಂದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ನನ್ನದಲ್ಲ," ಅಂದರು ಇವರು ತಕ್ಷಣ. "ನಾನು ಬರೆದಾಗಿದೆ."

ನಿಜ. ಅದು ನನ್ನದೇ. ಒಂದು ಸಂಜೆ, ಒಂದು ರಾತ್ರಿ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹುಳಿ ಮಾಡಿದವಳು ನಾನು. ನನಗೆ ಕತೆ ಬರೆಯಲೂ ಬರುವುದಿಲ್ಲ. ಹಿತ್ತಲಲ್ಲಿ ಜನ ಸೇರುವ ಗುಜುಗುಜು ಕೇಳಿಸಿತು. ಇವರು ಗಡಿಯಾರ ನೋಡಿದರು. ಬಾಯಿ ಮುಕ್ಕಳಿಸಿ ಬಂದರು. ಕರಿ ಕೋಟು ಹಾಕಿಕೊಂಡರು. ನನ್ನ ಮುಖ ನೋಡದೆ, ದಿನಾ ಕೇಳುವ ದನಿಯಲ್ಲೇ ಕೇಳಿದರು:

"ಕೋರ್ಟಿಗೆ ಹೊತ್ತಾಗುತ್ತೆ ಮಂಗಳ. ಬೀದಿಗೆ ನೀರು ಹಾಕಲ್ವಾ?"

ತಪ್ಪು ನನ್ನದೇ ಇರಬಹುದು. ಆದರೂ ಆ ಮಾತು ಕೇಳಿ ಈ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿತು. ಆಮೇಲೆ ಅತ್ತುಬಿಡುತ್ತೇನೆ ಅಂದುಕೊಂಡರೆ ಅಳು ಬರಲಿಲ್ಲ, ಬುದ್ಧಿ ಬಂತು. ಹೆಣ ಇಲ್ಲ, ಕಳವಿಲ್ಲ, ದೂರಿಲ್ಲ, ಬರೀ ಬಾಗಿಲು ತಿರುಗಿದೆ ಅಂದರೆ ನ್ಯಾಯಾಧೀಶರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಏನು ಮಾಡಿದೆ? ಮೊದಲು ಬಂದವರು ಹೇಳಬೇಕು. ಹೇಳಿ ಮುಗಿಸುವವರೆಗೆ ಯಾರೂ ಅಡ್ಡ ಬರುವ ಹಾಗಿಲ್ಲ, ವಕೀಲರೂ ಸಹ. ಅದೂ ಪದ್ಧತಿಯೇ.

ಬಕೆಟ್ಟು ಮುಟ್ಟಲಿಲ್ಲ. ಮುಖ ತೊಳೆದು, ತಲೆ ಬಾಚಿ, ಮದುವೆಯ ಸೀರೆ ಉಟ್ಟೆ. ವಿಭೂತಿ ಇಟ್ಟುಕೊಂಡೆ. ಬಾಗಿಲು ತೆಗೆದು ಹೊಸ್ತಿಲು ದಾಟಿದೆ. ಪಾಚಿಯ ಮೆಟ್ಟಿಲ ಮೇಲೆ ಜಾರದಂತೆ ಹುಷಾರಾಗಿ ಇಳಿದೆ.

ಪೊಲೀಸಿನವರು ನೇರ ಕೋರ್ಟಿಗೆ ಕರೆದೊಯ್ದರು. ಕೋರ್ಟು ಕಿಕ್ಕಿರಿದಿತ್ತು. ಕಾದಂಬರಿಕಾರರ ಮನೆ ಬಾಗಿಲು ತಿರುಗಿದೆ ಅಂದರೆ ಸುಮ್ಮನೆಯೇ? ಕಟಕಟೆಯಲ್ಲಿ ಒಂದು ಕಡೆ ಕಾತ್ಯಾಯಿನಿ, ಪಕ್ಕದಲ್ಲಿ ನಾನು. ಆ ಹುಡುಗಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನ್ಯಾಯಾಧೀಶರು, ಪಾಪ, ವಯಸ್ಸಾದವರು, ನಮ್ಮವರ ಪುಸ್ತಕ ಒಂದೂ ಬಿಡದೆ ಓದಿದವರು, ಸಂಕೋಚದಿಂದ ಕೇಳಿದರು:

"ನೀವೇ ಏನಮ್ಮಾ ಮೊದಲು ಬಂದಿದ್ದು?"

"ಹೌದು."

"ಏನು ಮಾಡಿದ್ರಿ?"

"ವಿರೂಪಾಕ್ಷಯ್ಯನನ್ನ ಕೊಂದಿದ್ದು ಈ ಹುಡುಗಿ ಅಲ್ಲ ಅಂತ ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ ಸ್ವಾಮಿ. ಕೊಂದವನು ಷಡಕ್ಷರಿ. ಅಲ್ಲಿ ಮೂರನೇ ಬೆಂಚಲ್ಲಿ ಕೂತಿದಾನೆ."

ಯಾರೋ ಅಯ್ಯೋ ಅಂದರು. ಷಡಕ್ಷರಿ ಎದ್ದ, ಮತ್ತೆ ಕೂತ. ನಾನು ನಿಲ್ಲಿಸಲಿಲ್ಲ. ಬಳೆಗಾರರ ಮನೆಯದು ಹೇಳಿದೆ. ಮೇಷ್ಟ್ರದು ಹೇಳಿದೆ. ನೀವೆಲ್ಲ ಅನ್ನ ಬಿಟ್ಟು ಓದಿದಿರಲ್ಲ, ಆ ವಿಷ ಹಾಕಿದ ಮುದುಕ ಇಲ್ಲೇ ಪಾನ್ ಅಂಗಡಿ ಕಟ್ಟೆ ಮೇಲೆ ಕೂತಿರುತ್ತಾನೆ, ಅವನ ಸೊಸೆ ಗುಡ್ಡದ ಮೇಲಿದ್ದಾಳೆ ಅಂದೆ. ಯಾರು ಯಾರು ಬೇಗ ಎದ್ದಿದ್ದಕ್ಕೆ ಜೈಲಿಗೆ ಹೋದರು ಅಂತ ನೆನಪಿದ್ದವರ ಹೆಸರೆಲ್ಲ ಹೇಳಿದೆ. ಹೆಂಗಸರ ಸಾಲಿನಲ್ಲಿ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಆ ಅಡುಗೆಯವಳು..." ಅಂತ ಏನೋ ಶುರು ಮಾಡಿ ನುಂಗಿಕೊಂಡರು. ಅವಳಿಗೆ ಶಿಕ್ಷೆ ಕೊಟ್ಟವರು ಅವರೇ.

ಯಾರಾದರೂ ಏಳುತ್ತಾರೆ ಅಂತ ಕಾದೆ. ಈರಣ್ಣ ತಲೆ ಬಗ್ಗಿಸಿದ. ಪೇದೆ ಕಿಟಕಿ ಕಡೆ ನೋಡಿದ. ಎದ್ದವರು ನಮ್ಮವರೊಬ್ಬರೇ. ಅವರು ಕನ್ನಡಕ ತೆಗೆದರು.

"ಸ್ವಾಮೀ, ಈಕೆಯದು ಮೊದಲನೇ ತಪ್ಪು. ದಯೆ ತೋರಿಸ್ಬೇಕು."

ನನಗೆ ಮೂರು ತಿಂಗಳು. ಕಾತ್ಯಾಯಿನಿಗೆ ಹದಿನಾಲ್ಕು ವರ್ಷ. "ಪದ್ಧತಿ ಪದ್ಧತಿಯೇ," ಅಂದರು ನ್ಯಾಯಾಧೀಶರು ಮೇಜಿಗೆ ಹೇಳಿದ ಹಾಗೆ. ಜನ ಸದ್ದು ಮಾಡದೆ ಎದ್ದು ಮನೆಗೆ ಹೋದರು. ಇಷ್ಟು ಕೇಳಿದ ಮೇಲೂ ಹೋದರು. ಮನೆಗೆ ಹೋಗಿ ಉಂಡರು ಅಂತ ಕಾಣುತ್ತದೆ.

ಜೈಲಿನ ವ್ಯಾನಿನಲ್ಲಿ ಕಾತ್ಯಾಯಿನಿ ನನ್ನ ತೋಳಿಗೆ ಗುದ್ದಿ ಅತ್ತಳು. "ಯಾಕೆ ಬಂದ್ರಿ ಅಕ್ಕಾ? ಏನು ಸಿಕ್ತು?" ನನಗೂ ಏನೂ ಸಿಕ್ಕಿರಲಿಲ್ಲ. ಹದಿನಾಲ್ಕು ವರ್ಷವಾದ ಮೇಲೆ ಈ ಹುಡುಗಿಗೆ ಎಷ್ಟು ವಯಸ್ಸಾಗುತ್ತದೆ ಅಂತ ಯೋಚಿಸಲೂ ಹೆದರಿಕೆಯಾಗಿ, ಅವಳ ತಲೆ ಸವರುತ್ತ ಕೂತೆ.

ಮಾರನೆಯ ಬೆಳಿಗ್ಗೆ ಜೈಲಿನಲ್ಲಿ ಗುಲ್ಲೆದ್ದಿತು. ಕಾವಲಿನ ಹೆಂಗಸು ಒಳಗೆ ಓಡಿ ಬಂದು, "ಬನ್ರೇ, ಬನ್ರೇ ಮಾಳಿಗೆಗೆ!" ಅಂತ ಎಲ್ಲರನ್ನೂ ಎಬ್ಬಿಸಿದಳು. ಗುಡ್ಡದಿಂದ ಊರು ಪೂರ್ತಿ ಕಾಣುತ್ತದೆ. ನೋಡಿದೆವು. ಒಂದು ಬೀದಿಯಲ್ಲೂ ಒಂದು ಬಾಗಿಲಿಲ್ಲ. ಕೋರ್ಟು ಬೀದಿ, ಜವಳಿ ಬೀದಿ, ನ್ಯಾಯಾಧೀಶರ ಮನೆ, ಪೊಲೀಸ್ ವಸತಿ, ಎಲ್ಲ ಬೋಳು ಗೋಡೆ. ಪುಟ್ಟಮ್ಮ ಹಾಲಿನ ಕ್ಯಾನು ಇಟ್ಟುಕೊಂಡು ಬೀದಿ ಮಧ್ಯೆ ಒಬ್ಬಳೇ ತಿರುಗುತ್ತಿದ್ದಳು. "ಯಾರಿದೀರ್ರಪ್ಪೋ!" ಅವಳ ಕೂಗು ನಮಗೂ ಕೇಳಿಸುತ್ತಿತ್ತು.

ಯಾರೂ ಹೊರಗೆ ಬರಲಿಲ್ಲ. ಹೊತ್ತು ಏರಿತು. ಮನೆ ಮನೆಯಿಂದ ಜಗಳದ ದನಿ ಕೇಳಿಸತೊಡಗಿತು. ನೀನು ಹೋಗೇ ಅಂತ ಅತ್ತೆಯರು, ನೀವೇ ಹೋಗಿ ಅಂತ ಸೊಸೆಯರು. ನಿನ್ನೆ ನಾನು ಹೇಳಿದ್ದನ್ನು ಗಂಡಸರು ಮರೆತಿರಬಹುದು, ಆ ಹುಡುಗಿಯರು ಮರೆತಿರಲಿಲ್ಲ. ಒಬ್ಬಳೂ ಅಗಳಿ ಮುಟ್ಟಲಿಲ್ಲ. ಹೀಗಾದೀತು ಅಂತ ನಾನು ಕನಸಿನಲ್ಲೂ ನೆನೆಸಿರಲಿಲ್ಲ.

"ಅಕ್ಕಾ, ನಿಮ್ಮ ಮನೆ," ಅಂದಳು ಕಾತ್ಯಾಯಿನಿ.

ನಮ್ಮ ಹಿತ್ತಲಲ್ಲಿ ಬಾಗಿಲು ತೆರೆದಿತ್ತು. ಆ ಮನೆಯಲ್ಲಿ ಈಗ ಇವರೊಬ್ಬರೇ. ಹೋಗು ಅನ್ನಲು ಒಬ್ಬರೂ ಇಲ್ಲ. ಹೊಸ್ತಿಲ ಒಳಗೆ ಎಷ್ಟೋ ಹೊತ್ತು ನಿಂತಿದ್ದರು. ಆಮೇಲೆ ಇಳಿದರು. ಕೋಟಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಹಿಡಿಯಲು ಪೊಲೀಸರೂ ಇರಲಿಲ್ಲ, ಅವರೂ ತಮ್ಮ ತಮ್ಮ ಮನೆಯೊಳಗೇ ಕೂತಿದ್ದರು. ತಾವಾಗಿಯೇ ನಡೆದುಕೊಂಡು ನ್ಯಾಯಾಧೀಶರ ಮನೆಯ ಹಿತ್ತಲಿಗೆ ಹೋಗಿ ನಿಂತರು. ಕೋರ್ಟಿನಲ್ಲಿ ಪಳಗಿದ ಗಂಟಲು ಅದು, ಊರು ಬೇರೆ ಮೌನವಾಗಿತ್ತು. ಒಂದೊಂದು ಮಾತೂ ಗುಡ್ಡಕ್ಕೆ ಬಂತು.

"ಸ್ವಾಮೀ, ಮೊದಲು ಬಂದವನು ನಾನು. ಏನು ಮಾಡಿದೆ ಅಂತ ನನ್ನ ಕೇಳಿ!"

ಒಳಗಿನಿಂದ ಉತ್ತರ ಬರಲಿಲ್ಲ. ಇವರು ಕಾಯಲಿಲ್ಲ, ಹೇಳತೊಡಗಿದರು. ಕತೆಯ ಹೆಸರುಗಳಲ್ಲ, ನಿಜವಾದ ಹೆಸರುಗಳು. ಸತ್ತವರು ಯಾರು, ಕೊಂದವರು ಯಾರು, ಆ ಬೆಳಿಗ್ಗೆ ಬಾಗಿಲು ತೆಗೆದವರು ಯಾರು. ಕಾತ್ಯಾಯಿನಿಯ ಹೆಸರು ಮೊದಲು ಬಂತು. ಅವಳು ನನ್ನ ಕೈ ಹಿಡಿದಿದ್ದಳು, ಇನ್ನಷ್ಟು ಬಿಗಿಯಾಗಿ ಹಿಡಿದಳು. ನನಗೆ ಆಗ ಅಳು ಬಂತು, ತಡೆಯಲಾಗಲಿಲ್ಲ. ಒಂದೊಂದು ಹೆಸರು ಬಂದಾಗಲೂ ನನ್ನ ಹಿಂದೆ ಒಬ್ಬೊಬ್ಬಳೇ ಎದ್ದು ನಿಲ್ಲುತ್ತಿದ್ದಳು. ಬಳೆಗಾರರ ಸೊಸೆ ಎದ್ದಳು. ಮೇಷ್ಟ್ರ ಮನೆಯ ಅಡುಗೆಯವಳು ಎದ್ದಳು. ಕೊನೆಗೆ ನೀಲಮ್ಮನ ಹೆಸರು ಬಂತು. ಅವಳು ಮೂಲೆಯಲ್ಲಿ ಬಿಸಿಲು ಕಾಯಿಸುತ್ತ ಕೂತೇ ಇದ್ದಳು. ಹಣ್ಣು ಮುದುಕಿ, ಕಿವಿ ಕೇಳುವುದಿಲ್ಲ. ಕಾತ್ಯಾಯಿನಿ ಓಡಿ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ ಕೂಗಿದಳು.

"ಅಜ್ಜೀ, ವಕೀಲರು ನಿಮ್ಮ ಹೆಸರು ಹೇಳ್ತಿದಾರೆ!"

"ಏನಂತೆ?"

"ಆ ಕೊಲೆ ನೀವು ಮಾಡಿಲ್ವಂತೆ!"

ನೀಲಮ್ಮ ಬಿಸಿಲಿನ ಕಡೆಗೆ ಸರಿದು ಕೂತಳು.

"ಅದು ನಂಗೆ ಗೊತ್ತಿತ್ತಲ್ಲೇ," ಅಂದಳು.